ಹಸಿರು ಪೆನ್ನಿನ ಗುರುತು

ಹುರಿದ ಜೀರಿಗೆಯ ವಾಸನೆ ಮತ್ತೆ ಬಂತು, ಕೆಳಗಿನ ಕ್ಯಾಂಟೀನಿನವರಿಗೆ ಶುಕ್ರವಾರ ಬಂತೆಂದರೆ ಕೈ ಧಾರಾಳ, ಬೇಳೆಯ ಒಗ್ಗರಣೆ ಎರಡು ಮಹಡಿ ಹತ್ತಿ ಔಷಧ ವಿಭಾಗದ ಈ ಪುಟ್ಟ ಕೋಣೆಗೂ ಬಂದು ಕುರ್ಚಿ ಎಳೆದುಕೊಂಡು ಕೂತುಬಿಡುತ್ತದೆ, ಊಟ ಮುಗಿದು ಒಂದು ಗಂಟೆಯೂ ಆಗಿಲ್ಲ, ಉನಾಯ್ಸಿಯ ಹೊಟ್ಟೆಗೆ ಅದರ ನೆನಪೇ ಇಲ್ಲ — ಕಿಟಕಿಯಾಚೆ ಈ ದ್ವೀಪದೇಶದ ರಾಜಧಾನಿ ಸುವಾ ಪಟ್ಟಣದ ಮೇಲೆ ಎಂದಿನ ಮೋಡ, ಸುರಿಯಲೋ ಬೇಡವೋ ಎಂದು ಬೆಳಗಿನಿಂದ ಮೀನಮೇಷ ಎಣಿಸುತ್ತಿದೆ, ಬಸ್ಸೊಂದು ಜೋರಾಗಿ ಹಾಡು ಹಚ್ಚಿಕೊಂಡು ಇಳಿಜಾರಿನಲ್ಲಿ ಹೋಯಿತು, ಹಾಡಿನ ಅರ್ಧ ಸಾಲು ಕೋಣೆಯಲ್ಲೇ ಉಳಿಯಿತು, ಎಷ್ಟು ಹೊತ್ತಾಯಿತು, ಎರಡೂಮುಕ್ಕಾಲು, ನಾಲ್ಕಕ್ಕೆ ಕಂಪ್ಯೂಟರಿನಲ್ಲಿ ಪರೀಕ್ಷೆಯ ಪುಟ ಮುಚ್ಚಿಕೊಳ್ಳುತ್ತದೆ, ಆಮೇಲೆ ಯಾರು ಬಡಿದರೂ ತೆರೆಯುವುದಿಲ್ಲ. ಪರೀಕ್ಷೆ ಬರೆದವರು ಮನುಷ್ಯರಲ್ಲ, ಮೂರು ಎಐ ಯಂತ್ರಗಳು, ಹೆಸರಿಲ್ಲ, ಎ, ಬಿ, ಸಿ ಅಷ್ಟೇ, ಯಾವುದು ಯಾವ ಕಂಪನಿಯದೆಂದು ತಿದ್ದುವವರಿಗೆ ಗೊತ್ತಾಗಬಾರದಂತೆ, ಇಪ್ಪತ್ತು ರೋಗಿಗಳ ಕಥೆ ಬರೆದವಳು ಉನಾಯ್ಸಿ, ಇಪ್ಪತ್ತಕ್ಕೂ ಸರಿಯುತ್ತರ ಬರೆದವಳೂ ಅವಳೇ, ಗೆದ್ದ ಯಂತ್ರ ಮುಂದಿನ ವರ್ಷ ದೂರದ ದ್ವೀಪಗಳಿಗೆ ಹೋಗುತ್ತದೆ, ಡಾಕ್ಟರಿಲ್ಲದ, ಫಾರ್ಮಸಿಸ್ಟ್ ಇಲ್ಲದ, ಒಬ್ಬಳೇ ನರ್ಸ್ ಇರುವ ಕಡೆಗಳಿಗೆ, ಆ ನರ್ಸ್ ಕೇಳಿದ್ದಕ್ಕೆ ಅದು ಉತ್ತರ ಹೇಳುತ್ತದೆ, ಇನ್ನು ಯಂತ್ರ ಬದಲಾದರೂ ಉತ್ತರಪಟ್ಟಿ ಬದಲಾಗುವುದಿಲ್ಲ, ಮುಂದೆ ಬರುವ ಯಂತ್ರಗಳನ್ನೂ ಇದರಲ್ಲೇ ಅಳೆಯುವುದು ಎಂದು ಮೊದಲ ದಿನವೇ ಹೇಳಿದ್ದಾರೆ. ಉನಾ, ನೀನೀಗ ಯಂತ್ರಗಳಿಗೆ ಮೇಷ್ಟ್ರಮ್ಮ ಆಗ್ಬಿಟ್ಟೆ ಬಿಡು, ಕೈಯಲ್ಲಿ ಬೆತ್ತ ಒಂದು ಕಮ್ಮಿ — ಹಾಗೆ ರೇಗಿಸಿದ್ದು ಸತೇಂದ್ರ ಭೈಯಾ, ಎರಡನೆಯ ಪರೀಕ್ಷಕರು, ಪಕ್ಕದ ಕೋಣೆಯಲ್ಲಿ ಇದೇ ಉತ್ತರಗಳನ್ನು ತಿದ್ದುತ್ತಿರುವ ಹಿರಿಯರು, ಇಪ್ಪತ್ತೇಳು ವರ್ಷ ಇದೇ ಆಸ್ಪತ್ರೆಯಲ್ಲಿ ಔಷಧಿ ಅಳೆದವರು, ಇವತ್ತು ಹೂವಿನ ಅಂಗಿ ತೊಟ್ಟು ಬಂದಿದ್ದಾರೆ, ಶುಕ್ರವಾರ ಎಲ್ಲರೂ ತೊಡುತ್ತಾರೆ, ಆದರೆ ಅವರ ಅಂಗಿಯ ಮೇಲಿರುವಷ್ಟು ದಾಸವಾಳ ಇಡೀ ಸುವಾದಲ್ಲಿಲ್ಲ.

ಹದಿನೇಳನೆಯದೊಂದೇ ಬಾಕಿ. ಸಾಲಾಗಿ ತಿದ್ದುತ್ತಾ ಬಂದವಳು ಹದಿನಾರಾದ ಮೇಲೆ ಹದಿನೆಂಟಕ್ಕೆ ಹಾರಿದ್ದಳು, ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳದಂತೆ ಬೇಗ ಬೇಗ ಹಾರಿದ್ದಳು, ಹದಿನೆಂಟು ಮಗುವಿನ ಕಿವಿನೋವು, ಹತ್ತೊಂಬತ್ತು ಗರ್ಭಿಣಿಯ ರಕ್ತದೊತ್ತಡ, ಇಪ್ಪತ್ತು ಹೃದಯದ ಮಾತ್ರೆಯ ಜೊತೆ ಕೆಮ್ಮಿನ ಔಷಧಿ ಕುಡಿದ ಮೀನುಗಾರ, ಎಲ್ಲ ಮುಗಿದವು, ಮೂರು ಯಂತ್ರಗಳೂ ಚೆನ್ನಾಗಿಯೇ ಬರೆದಿದ್ದವು, ಎ ಮೊದಲ ಬೆಂಚಿನ ಹುಡುಗಿಯ ಹಾಗೆ ಕೇಳಿದ್ದಕ್ಕಷ್ಟೇ ಉತ್ತರ, ಬಿಗೆ ಸ್ವಲ್ಪ ಉಪದೇಶದ ಚಟ, ಸಿ ಮಾತ್ರ ವಾಚಾಳಿ, ಒಂದು ಕೇಳಿದರೆ ನಾಲ್ಕು ಹೇಳುತ್ತದೆ — ಈಗ ಬೇರೆ ದಾರಿಯಿಲ್ಲ, ಹದಿನೇಳನ್ನು ತೆರೆದಳು, ತನ್ನದೇ ಅಕ್ಷರಗಳು, ಅರವತ್ತೊಂದರ ಹೆಂಗಸು, ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ, ಪಾದದ ಹುಣ್ಣಿನಲ್ಲಿ ಕೀವಾಗಿ ಆಸ್ಪತ್ರೆ ಸೇರಿದ್ದಾರೆ, ಊಟ ಅಷ್ಟಕ್ಕಷ್ಟೆ, ಮೂತ್ರಪಿಂಡ ಸ್ವಲ್ಪ ಸೋತಿದೆ, ದ್ವೀಪದ ಔಷಧಿ ಪುಸ್ತಕದ ಪ್ರಕಾರ ಒಂದು ತಿಂಗಳೂ ತಪ್ಪದೆ ಮಾತ್ರೆ ಒಯ್ದಿದ್ದಾರೆ, ಆದರೂ ಪ್ರತಿ ಸಲ ನೋಡಿದಾಗಲೂ ಸಕ್ಕರೆ ಮೇಲೆಯೇ, ಪ್ರತಿ ಸಲವೂ ಡಾಕ್ಟರು ಪ್ರಮಾಣ ಏರಿಸಿದ್ದಾರೆ, ಈಗ ಸಕ್ಕರೆ ಇಳಿಸುವ ಗ್ಲಿಪಿಜೈಡ್ ದಿನಕ್ಕೆ ನಾಲ್ಕು ಮಾತ್ರೆ, ಮೆಟ್‌ಫಾರ್ಮಿನ್ ನಾಲ್ಕು, ವಾರ್ಡಿನ ಚೀಟಿಯಲ್ಲಿ ಏನು ಬರೆಯುತ್ತೀರಿ. ವಯಸ್ಸನ್ನು ಎರಡು ವರ್ಷ ಕಡಿಮೆ ಮಾಡಿದ್ದಳು, ಹೆಸರು ತೆಗೆದಿದ್ದಳು, ಉಳಿದದ್ದೆಲ್ಲ ಇದ್ದದ್ದು ಇದ್ದಹಾಗೆ, ಒಂದೇ ಪಟ್ಟಿನಲ್ಲಿ ಬರೆದು ಮುಗಿಸಿದ್ದ ಕಥೆ ಇದು, ಕೆಳಗೆ ಅವಳದೇ ಉತ್ತರ, ಪುಸ್ತಕ ನೋಡಿ ಖಚಿತಪಡಿಸಿಕೊಳ್ಳಬೇಕು, ಮೂತ್ರಪಿಂಡಕ್ಕಾಗಿ ಮೆಟ್‌ಫಾರ್ಮಿನ್ ನಿಲ್ಲಿಸಬೇಕು, ಗ್ಲಿಪಿಜೈಡ್ ಪುಸ್ತಕದಲ್ಲಿರುವಂತೆಯೇ ಮುಂದುವರಿಸಬೇಕು, ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಬೇಕು, ನಾಲ್ಕೇ ಸಾಲು. ಎ ಹಾಗೆಯೇ ಬರೆದಿತ್ತು, ಹಸಿರು ಒತ್ತಿದಳು, ಬಿ ಕೂಡ ಹಾಗೆಯೇ, ಹಸಿರು.

ಸಿಯ ಉತ್ತರ ಉದ್ದವಿತ್ತು. ಪುಸ್ತಕ ಹೇಳುವುದು ಈಕೆ ಎಷ್ಟು ಮಾತ್ರೆ ಒಯ್ದರು ಎಂಬುದನ್ನು, ಎಷ್ಟು ನುಂಗಿದರು ಎಂಬುದನ್ನಲ್ಲ, ಇಷ್ಟು ಏರಿಸಿದರೂ ಸಕ್ಕರೆ ಇಳಿದಿಲ್ಲವೆಂದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲದಿರಬಹುದು, ಚೀಟಿ ಬರೆಯುವ ಮೊದಲು ಈಕೆಯನ್ನೇ ಕೇಳಿ, ದಿನಕ್ಕೆ ನೀವು ಎಷ್ಟು ನುಂಗುತ್ತೀರಿ, ಮನೆಯಲ್ಲಿ ಬೇರೆ ಯಾರಾದರೂ ಇದರಲ್ಲೇ ತೆಗೆದುಕೊಳ್ಳುತ್ತಾರೆಯೇ, ತಪ್ಪು ಹುಡುಕುವವರ ಧಾಟಿಯಲ್ಲಿ ಕೇಳಬೇಡಿ, ಉತ್ತರ ಸಿಗುವವರೆಗೆ ಪೂರ್ತಿ ಪ್ರಮಾಣ ಕೊಡಬೇಡಿ, ಊಟವೂ ಕಡಿಮೆ, ಮೂತ್ರಪಿಂಡವೂ ಸೋತಿದೆ, ಒಮ್ಮೆ ಸಕ್ಕರೆ ಕುಸಿದರೆ ಮೇಲೇಳುವುದು ತಡ — ಇಷ್ಟಾದ ಮೇಲೆ ಅದರ ಚಾಳಿ ಬಿಡದೆ ಹತ್ತು ಪರೀಕ್ಷೆಗಳ ಪಟ್ಟಿ, ಅದರಲ್ಲಿ ಆರು ಈ ದೇಶದಲ್ಲೇ ಆಗುವುದಿಲ್ಲ. ಉನಾಯ್ಸಿ ಆ ಆರನ್ನು ಹಿಡಿದುಕೊಂಡಳು, ನೋಡು, ಇದಕ್ಕೆ ನಮ್ಮ ದ್ವೀಪಗಳು ಹೇಗಿವೆಯೆಂದೇ ಗೊತ್ತಿಲ್ಲ, ಯಾವುದೋ ದೊಡ್ಡ ಪಟ್ಟಣದ ಆಸ್ಪತ್ರೆಯೆಂದು ತಿಳಿದುಕೊಂಡಿದೆ, ಪುಸ್ತಕ ಓದಿ ಜಾಣತನ ಮಾಡುತ್ತಿದೆ, ಸಿಟ್ಟು ಬಂತು, ಯಂತ್ರದ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಅಷ್ಟರಲ್ಲಿ ಬಾಗಿಲು ಸರಿದು ದಾಸವಾಳದ ಅಂಗಿ ಒಳಗೆ ಬಂತು, ಎರಡು ಕೈಯಲ್ಲಿ ಎರಡು ಲೋಟ, ನಿಂಬೆ ಎಲೆಯ ಚಹಾ, ತಗೋಮ್ಮ, ಸಕ್ಕರೆ ಹಾಕಿಲ್ಲ, ದ್ವೀಪದ ನಿಮ್ಮೋರಿಗೂ ಕಬ್ಬು ಕಡಿಯೋಕೆ ಬಂದ ನಮ್ಮೋರಿಗೂ ಈ ದೇಶದಲ್ಲಿ ಒಂದೇ ಆಗಿರೋದು ಅಂದ್ರೆ ಸಕ್ಕರೆ ಕಾಯಿಲೆ ಒಂದೇ, ಏನು ಇನ್ನೂ ಹದಿನೇಳರಲ್ಲೇ ಇದ್ದೀಯ, ನಾನ್ ಅದಕ್ಕೆ ಬೆಳಗ್ಗೇನೇ ಕೆಂಪು ಹಾಕ್ದೆ. ಕೆಂಪಾ ಭೈಯಾ. ಹೂಂ, ನಿನ್ ಉತ್ತರದಲ್ಲಿ ಹಾಗೇ ಇದೆಯಲ್ಲ, ಪುಸ್ತಕದಲ್ಲಿರೋ ಹಾಗೇ ಮುಂದುವರಿಸ್ಬೇಕು ಅಂತ, ಇದು ತಡೆದಿದೆ, ಕೆಂಪು, ನೀನೂ ಒಂದ್ ಕೆಂಪು ಒತ್ತಿದ್ರೆ ಇದು ಪರೀಕ್ಷೆಯಿಂದಲೇ ಆಚೆ, ಎರಡು ಕೆಂಪಿಗೆ ಮನೆಗೆ ಕಳಿಸೋದು ಅಂತ ನಿಯಮ ಮಾಡಿದ್ದೂ ನಾವೇ. ಲೋಟದಿಂದ ಹಬೆ ಏಳುತ್ತಿತ್ತು. ಭೈಯಾ ತೆರೆಯ ಕಡೆ ಬಾಗಿ ನೋಡಿ, ಅಂದ್ಹಾಗೆ ಇದು ಯಾವ್ದೋ ನಮ್ಮ ಹಳೇ ವಾರ್ಡಿನ ಕೇಸ್ ಇದ್ದ ಹಾಗಿದೆಯಲ್ಲ ಉನಾ. ಎಲ್ಲಾ ಕೇಸೂ ಹಾಗೇ ಇರುತ್ತೆ ಬಿಡಿ. ಅದೂ ಸರೀನೇ, ಬೇಗ ಮುಗ್ಸು, ನಾಲ್ಕೂವರೆಗೆ ಕೆಳಗಡೆ ಎಲ್ರೂ ಕೂತು ಕುಡಿಯೋಕೆ ಯಂಗೋನಾ ಬೇರಿನ ಪಾನಕದ ಬಟ್ಟಲು ಇಡ್ತಾರೆ, ನೀನು ಬರ್ಲಿಲ್ಲಾಂದ್ರೆ ಈ ಸಲನೂ ಜೋಕು ಹೇಳೋ ಕೆಲಸ ನನ್ ತಲೆಗೇ ಬರುತ್ತೆ. ಅವರು ಹೋದ ಮೇಲೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಎಲ್ಲಾ ಕೇಸೂ ಹಾಗೇ ಇರುತ್ತೆ, ಎಷ್ಟು ಸಲೀಸಾಗಿ ಬಂತು ಬಾಯಿಗೆ, ಹನ್ನೊಂದು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತಿನಂತೆ — ಹೆಂಗಸರ ವಾರ್ಡು, ಮಧ್ಯಾಹ್ನ, ನೆಲ ಒರೆಸಿದ ಫಿನಾಯಿಲ್ ಇನ್ನೂ ಆರಿಲ್ಲ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅಕೋಸಿತಾ ಅತ್ತೆ, ಅಪ್ಪನ ಅಕ್ಕ, ಕೋರೋ ದ್ವೀಪದಿಂದ ಹಡಗಿನಲ್ಲಿ ವಾಂತಿ ಮಾಡುತ್ತಲೇ ಬಂದವರು, ಪಾದಕ್ಕೆ ದಪ್ಪ ಬಿಳಿ ಕಟ್ಟು, ಆದರೂ ಕೂದಲಿಗೆ ತೆಂಗಿನೆಣ್ಣೆ ಹಚ್ಚಿ ಚರ್ಚಿಗೆ ಹೊರಟವರ ಹಾಗೆ ನೆಟ್ಟಗೆ ಕೂತಿದ್ದಾರೆ, ಪಕ್ಕದ ಹಾಸಿಗೆಯವರಿಗೆ ಹೇಳುತ್ತಿದ್ದಾರೆ, ನೋಡಿ, ಇವಳು ನನ್ನ ತಮ್ಮನ ಮಗಳು, ಡಾಕ್ಟರಿಗೇ ಔಷಧಿ ಹೇಳ್ಕೊಡ್ತಾಳೆ, ಚಿಕ್ಕೋಳಿದ್ದಾಗ ಮೂಗು ಒರೆಸಿದ್ದು ಇದೇ ಕೈ. ಉನಾಯ್ಸಿಗೆ ಆಗ ಇಪ್ಪತ್ತೇಳು, ಬಿಳಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಬೇರೆ ರೋಗಿಗಳ ಹತ್ತಿರ ನಿಂತುಕೊಂಡೇ ಮಾತಾಡುತ್ತಿದ್ದಳು, ಅತ್ತೆಯ ಹತ್ತಿರ ಬಂದಾಗ ಕಾಲುಗಳು ತಾವೇ ಮಡಚಿಕೊಂಡವು, ಹಿರಿಯರ ತಲೆಗಿಂತ ತನ್ನ ತಲೆ ಮೇಲಿರುವುದೆಂದರೇನು, ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು, ಮಂಡಿಯ ಮೇಲೆ ಚೀಟಿ, ಕೈಯಲ್ಲಿ ಹಸಿರು ಪೆನ್ನು, ಫಾರ್ಮಸಿಸ್ಟ್‌ಗಳ ಗುರುತು ಹಸಿರು ಶಾಯಿಯಲ್ಲೇ ಇರಬೇಕು, ಅದು ಬಿದ್ದರೆ ನರ್ಸುಗಳು ಮರುಮಾತಿಲ್ಲದೆ ಕೊಡುತ್ತಾರೆ. ಅತ್ತೆ, ಇದು ಬೆಳಗ್ಗೆ ಎರಡು, ಸಾಯಂಕಾಲ ಎರಡು, ಅಲ್ವಾ. ಪುಸ್ತಕದಲ್ಲಿ ಹಾಗೇ ಇದೆಯಾ ಮಗಳೇ. ಹೌದತ್ತೆ. ಹಾಗಾದ್ರೆ ಹಾಗೇ. ಅಷ್ಟೇ ಮಾತು, ಹಾಗಾದ್ರೆ ಹಾಗೇ, ಅದನ್ನು ಹೌದು ಎಂದು ಕೇಳಿಸಿಕೊಂಡಳು, ಹಸಿರು ಪೆನ್ನು ಗ್ಲಿಪಿಜೈಡ್ ಸಾಲಿನ ಪಕ್ಕ ಒಂದು ಗೀಟು ಎಳೆಯಿತು, ಆಗ ವಾರ್ಡಿನ ಹಿರಿಯ ಫಾರ್ಮಸಿಸ್ಟ್ ಆಗಿದ್ದ ಸತೇಂದ್ರ ಭೈಯಾ ಹಿಂದಿನಿಂದ ಬಗ್ಗಿ ನೋಡಿ, ತಿಂಗಳು ತಿಂಗಳೂ ಸರಿಯಾಗಿ ಒಯ್ದಿದ್ದಾರೆ, ಎಂಥಾ ಶಿಸ್ತಿನ ರೋಗಿ, ಮುಂದಿನ ಹಾಸಿಗೆ ನೋಡು ಎಂದಿದ್ದರು. ಅವರದ್ದೇನೂ ತಪ್ಪಿರಲಿಲ್ಲ, ಅವರಿಗೆ ಗೊತ್ತಿರಲಿಲ್ಲ.

ಅವಳಿಗೆ ಗೊತ್ತಿತ್ತು, ಅದನ್ನು ಎಷ್ಟು ಸುತ್ತಿ ಬಳಸಿದರೂ ಬಂದು ನಿಲ್ಲುವುದು ಅಲ್ಲಿಗೇ, ಗೊತ್ತಿತ್ತು, ಊರಿನ ಮನೆಯಲ್ಲಿ ಅಮ್ಮನ ಬಿಸ್ಕತ್ತಿನ ಡಬ್ಬ, ಮುಚ್ಚಳದ ಮೇಲೆ ಬಣ್ಣ ಹೋದ ಗಿಳಿಯ ಚಿತ್ರ, ಒಳಗೆ ಸೂಜಿ, ದಾರ, ಚರ್ಚಿನ ಹಾಡಿನ ಚೀಟಿಗಳು, ಅವುಗಳ ನಡುವೆ ಅತ್ತೆಯ ಹೆಸರಿದ್ದ ಮಾತ್ರೆಯ ಪೊಟ್ಟಣ, ಕ್ರಿಸ್‌ಮಸ್ ರಜೆಗೆ ಹೋದಾಗ ಕಣ್ಣಾರೆ ಕಂಡಿದ್ದಳು, ಇದು ಅತ್ತೆದಲ್ವಾ ಅಮ್ಮ, ಹೂಂ, ನಿಮ್ಮತ್ತೆ ಕೊಟ್ಲು, ನಂಗೂ ಅದೇ ಕಾಯಿಲೆ ಇರ್ಬೇಕು, ಬಾಯಿ ಒಣಗತ್ತೆ, ಆಸ್ಪತ್ರೆಗೆ ಹೋದೋರೆಲ್ಲ ಕಾಲು ಬಿಟ್ಟು ಬರ್ತಾರೆ, ನಾನ್ ಹೋಗಲ್ಲ. ಉನಾಯ್ಸಿ ಆಗಲೂ ಸುಮ್ಮನಿದ್ದಳು, ಓದಿದ ಹುಡುಗಿ ಊರಿಗೆ ಬಂದು ಅಮ್ಮನಿಗೆ ಪಾಠ ಹೇಳುವುದೇ. ಅತ್ತೆ ಎದುರುಮನೆಯ ಮುದುಕಪ್ಪನಿಗೂ ಕೊಡುತ್ತಿದ್ದರು, ಪಾದ್ರಿಯ ಹೆಂಡತಿಗೂ, ನೆಂಟರು ಬಂದು ಕೆರೆಕೆರೆ, ಅಂದರೆ ದಯವಿಟ್ಟು ಕೊಡಿ, ಎಂದರೆ ಮುಗಿಯಿತು, ಆ ಒಂದು ಮಾತಿಗೆ ಇಲ್ಲ ಎನ್ನುವ ಮನೆ ಊರಿನಲ್ಲಿಲ್ಲ, ಚಾಪೆ ಕೇಳಿದರೆ ಚಾಪೆ, ಹಂದಿಮರಿ ಕೇಳಿದರೆ ಹಂದಿಮರಿ, ಮಾತ್ರೆ ಕೇಳಿದರೆ ಮಾತ್ರೆ, ಕೊಟ್ಟ ಮೇಲೆ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಸಣ್ಣತನ, ಯಾರಿಗೆ ಕೊಟ್ಟಿರಿ ಎಂದು ಹಿರಿಯರನ್ನು ಕೇಳುವುದು ಅದಕ್ಕಿಂತ ಸಣ್ಣತನ, ಅದೂ ವಾರ್ಡಿನಲ್ಲಿ, ಹತ್ತು ಜನರ ಎದುರಿಗೆ, ನನ್ನ ತಮ್ಮನ ಮಗಳು ಎಂದು ಈಗಷ್ಟೇ ಹೇಳಿಕೊಂಡವರನ್ನು. ಬೇರೆ ಊರಿನ ಫಾರ್ಮಸಿಸ್ಟ್ ಆಗಿದ್ದರೆ ಕೇಳಿಬಿಡುತ್ತಿದ್ದ, ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದ, ಅತ್ತೆಗೆ ಒಂದು ಗಳಿಗೆ ಮುಖ ಬಿಸಿಯಾಗುತ್ತಿತ್ತು, ಅಷ್ಟೇ, ಮತ್ತೆ ಇಳಿಯುತ್ತಿತ್ತು. ದಿನದ ನಾಲ್ಕೂ ಮಾತ್ರೆ ಹೊಟ್ಟೆಗೆ ಹೋದ ಮರುದಿನ ಬೆಳಗ್ಗೆ ತಿಂಡಿ ತಂದವಳು ಅತ್ತೆಯನ್ನು ಎಬ್ಬಿಸಿದರೆ ಏಳಲಿಲ್ಲ, ಬೆವರಿನಲ್ಲಿ ದಿಂಬು ಒದ್ದೆ, ನಾಲ್ಕಕ್ಕಿಂತ ಕೆಳಗಿಳಿಯಬಾರದ ಸಕ್ಕರೆ ಒಂದು ಪಾಯಿಂಟು ನಾಲ್ಕು, ಗ್ಲೂಕೋಸ್ ಏರಿಸಿದರು, ಏರಿತು, ಇಳಿಯಿತು, ಮತ್ತೆ ಏರಿಸಿದರು, ಕಣ್ಣು ಬಿಟ್ಟರೂ ಯಾರ ಗುರುತೂ ಹತ್ತಲಿಲ್ಲ, ನಾಲ್ಕನೆಯ ದಿನ ಹೋದರು, ದಾಖಲೆಯಲ್ಲಿ ಹುಣ್ಣಿನ ನಂಜು ರಕ್ತಕ್ಕೇರಿತು ಎಂದಿದೆ, ನಂಜೂ ಇತ್ತು, ಸುಳ್ಳಲ್ಲ. ಊರಿನಲ್ಲಿ ದೇವರು ಕರೆದುಕೊಂಡ ಎಂದರು. ಸಾವಿಗೆಂದು ನೆಂಟರು ತಂದ ಚಾಪೆಗಳ ರಾಶಿಯ ಪಕ್ಕ ಕೂತು ಅತ್ತ ಅಮ್ಮನ ಹೆಗಲನ್ನು ಹಿಡಿದುಕೊಂಡೇ ಉನಾಯ್ಸಿ ನಿಶ್ಚಯಿಸಿದ್ದಳು, ಅತ್ತೆ ನಿನ್ನ ಪಾಲಿನ ಮಾತ್ರೆಯನ್ನೂ ವಾರ್ಡಿನಲ್ಲಿ ನುಂಗಿ ಹೋದರು ಎಂದು ಈ ಹೆಂಗಸಿಗೆ ಯಾವತ್ತೂ ಹೇಳಬಾರದು, ಹೇಳದಿರಬೇಕೆಂದರೆ ಏನನ್ನೂ ಕೇಳಲೂಬಾರದು.

ಹಾಗೆಂದೇ ಉತ್ತರಪಟ್ಟಿಯಲ್ಲಿಯೂ ಆ ನಾಲ್ಕು ಸಾಲು. ಆಗ ಮಾಡಿದ್ದು ಸರಿಯೆಂದು ಬರೆದಿಟ್ಟರೆ, ಇಬ್ಬರು ಪರೀಕ್ಷಕರೂ ಒಪ್ಪಿ, ಯಂತ್ರಗಳೂ ಹೌದು ಹೌದು ಎಂದರೆ, ಅದು ಸರಿಯೇ ಆಗಿಬಿಡಬಹುದು ಎಂದುಕೊಂಡಿದ್ದಳೇ, ಹಾಗೆ ಬಿಡಿಸಿ ಯೋಚಿಸಿರಲಿಲ್ಲ, ಕೈ ಬರೆಯಿತು, ಎ ಹೌದು ಎಂದಿತು, ಬಿ ಹೌದು ಎಂದಿತು, ಎರಡೂ ಹಸಿರು ಪೆನ್ನು ಹಿಡಿದು ಅವಳ ಪಕ್ಕ ನೆಲದ ಮೇಲೆ ಬಂದು ಕೂತವು, ಸಿ ಮಾತ್ರ ನಿಂತುಕೊಂಡೇ ಕೇಳಿತು, ಅದಕ್ಕೇನು, ಅದಕ್ಕೆ ಅತ್ತೆ ಇಲ್ಲ, ತಗ್ಗಿಸಬೇಕಾದ ತಲೆ ಇಲ್ಲ, ಮುಖ ನೋಡಬೇಕಾದ ಊರಿಲ್ಲ, ಅದು ದೊಡ್ಡ ವಿವೇಕವೂ ಅಲ್ಲ, ಎಲ್ಲಿಯೋ ಓದಿದ್ದನ್ನು ಇಲ್ಲಿ ಜೋಡಿಸಿದೆ, ಇರಲಿ, ಯಾರು ಕೇಳಿದರೂ ಪ್ರಶ್ನೆ ಪ್ರಶ್ನೆಯೇ. ಈಗ ಕೆಂಪು ಒತ್ತಿದರೆ ಆ ಪ್ರಶ್ನೆ ತಪ್ಪು ಎಂದಾಗುತ್ತದೆ, ಈ ಸಲಕ್ಕಷ್ಟೇ ಅಲ್ಲ, ಮುಂದೆ ಬರುವ ಯಂತ್ರಗಳೂ ಅದನ್ನು ಕೇಳದಿರುವುದನ್ನೇ ಕಲಿಯುತ್ತವೆ, ಕೋರೋದಲ್ಲಿ, ಗಾವು ದ್ವೀಪದಲ್ಲಿ, ಇಪ್ಪತ್ತೆರಡರ ನರ್ಸ್ ಹುಡುಗಿ ಯಾವುದೋ ಅತ್ತೆಯ ಹಾಸಿಗೆಯ ಪಕ್ಕ ಕೂತು ಯಂತ್ರವನ್ನು ಕೇಳುತ್ತಾಳೆ, ಯಂತ್ರ ಪುಸ್ತಕದಲ್ಲಿದ್ದಂತೆ ಕೊಡು ಎನ್ನುತ್ತದೆ, ಅವಳಿಗೂ ಮನೆಯಲ್ಲಿ ಒಂದು ಡಬ್ಬ ಇರುತ್ತದೆ. ಹಸಿರು ಒತ್ತಬೇಕೆಂದರೆ ಉತ್ತರಪಟ್ಟಿಯನ್ನೇ ತಿದ್ದಬೇಕು, ತಿದ್ದಿದರೆ ಕಾರಣ ಬರೆಯಬೇಕು, ಬರೆದದ್ದನ್ನು ಸತೇಂದ್ರ ಭೈಯಾ ಓದುತ್ತಾರೆ, ಮೇಲಿನವರು ಓದುತ್ತಾರೆ, ಈ ಊರು ಎಷ್ಟು ದೊಡ್ಡದು, ಭಾನುವಾರದ ಹೊತ್ತಿಗೆ ಚರ್ಚಿನ ಅಂಗಳ ತಲುಪುತ್ತದೆ, ಅಲ್ಲಿಂದ ಹಡಗು ಹತ್ತುತ್ತದೆ. ಹಡಗು — ಸೋಮವಾರದ ಹಡಗಿಗೆ ಅಮ್ಮ ಬರುತ್ತಾಳೆ, ಕಣ್ಣಿನ ಪೊರೆ ತೆಗೆಸುವುದಕ್ಕೆ, ಎರಡು ದಿನ ವಾರ್ಡಿನಲ್ಲಿರಬೇಕು, ಸಕ್ಕರೆ ಮಾತ್ರೆಯ ಚೀಟಿ ಆಗಲೇ ಸಿದ್ಧ, ಸಿದ್ಧ ಮಾಡಿದವಳು ಮಗಳೇ, ಅತ್ತೆ ತೀರಿಕೊಂಡ ವರ್ಷವೇ ಅಮ್ಮನನ್ನು ಪರೀಕ್ಷೆ ಮಾಡಿಸಿ ಆಗಿನಿಂದ ತಿಂಗಳು ತಿಂಗಳೂ ತಾನೇ ಮಾತ್ರೆ ಕಟ್ಟಿ ಕಳಿಸುತ್ತಿದ್ದಾಳೆ, ಒಂದು ತಿಂಗಳೂ ತಪ್ಪಿಲ್ಲ, ಆದರೂ ಸಕ್ಕರೆ ಇಳಿಯುತ್ತಿಲ್ಲ, ಆರು ವಾರದ ಹಿಂದೆ ಏರಿಸೋಣ ಎಂದು ಡಾಕ್ಟರಿಗೆ ಹೇಳಿದವಳೂ ತಾನೇ, ದಿನಕ್ಕೆ ನಾಲ್ಕು — ಚಹಾದ ಲೋಟ ತಣ್ಣಗಾಗಿತ್ತು, ಅದನ್ನು ಕೆಳಗಿಟ್ಟಳು, ತನಗೆ ಇದು ಈಗ ಹೊಳೆಯಿತೋ, ಆರು ವಾರದಿಂದ ಗೊತ್ತಿತ್ತೋ, ಗೊತ್ತಿತ್ತು. ಗಡಿಯಾರದಲ್ಲಿ ಮೂರೂಕಾಲು.

ಊರಿಗೆ ಮಾಡಿದ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಅಮ್ಮ ಮನೆಯಲ್ಲಿದ್ದರೆ ಸಿಗುವುದಿಲ್ಲ, ಹಲಸಿನಂಥ ಕಾಯಿ ಬಿಡುವ ಆ ಮರದ ಬುಡಕ್ಕೆ ಬಂದರಷ್ಟೇ ಸಿಗ್ನಲ್, ಮಧ್ಯಾಹ್ನ ಹೆಂಗಸರೆಲ್ಲ ಅಲ್ಲೇ ಚಾಪೆ ಹೆಣೆಯುತ್ತಾರೆ, ಐದನೆಯ ರಿಂಗಿಗೆ ಎತ್ತಿದಳು, ಯಾರು, ಉನಾನಾ, ಏನೇ ಈ ಹೊತ್ತಲ್ಲಿ, ಹುಷಾರಾಗಿದ್ದೀಯ ತಾನೇ. ಹುಷಾರಾಗಿದ್ದೀನಮ್ಮ. ಊಟ ಆಯ್ತಾ. ಆಯ್ತು, ನಿಂದು. ಮೀನು, ಮರಗೆಣಸು, ಇನ್ನೇನಿರುತ್ತೆ, ಸೋಮವಾರಕ್ಕೆ ನಿಂಗೂ ಒಂದ್ ಬುಟ್ಟಿ ಕಟ್ಟಿದ್ದೀನಿ. ಅಮ್ಮ, ಸ್ವಲ್ಪ ಆ ಕಡೆ ಬಾ, ಒಬ್ಳೇ ಇರೋ ಕಡೆ. ಯಾಕೆ. ಬಾ ಅಂದ್ನಲ್ಲ. ಹೆಂಗಸರ ನಗು ಹಿಂದೆ ಸರಿಯಿತು, ಒಣ ಎಲೆಯ ಮೇಲೆ ಹೆಜ್ಜೆ, ಸಮುದ್ರದ ಗಾಳಿ, ಫೋನಿನಲ್ಲಿ ಅಮ್ಮನ ಉಸಿರು, ಇಷ್ಟು ದೂರದಿಂದ ಕೇಳುವುದೂ ಒಂದು ಅನುಕೂಲವೇ, ಯಾರ ತಲೆ ಮೇಲಿದೆ ಯಾರ ತಲೆ ಕೆಳಗಿದೆ ಎಂದು ಕಾಣುವುದಿಲ್ಲ, ಆದರೂ ಉನಾಯ್ಸಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು, ಮೇಜಿನ ಕಾಲಿಗೆ ಒರಗಿ. ನಾನ್ ಕಳಿಸ್ತೀನಲ್ಲ ಅಮ್ಮ, ಸಕ್ಕರೆ ಮಾತ್ರೆ, ಅದ್ರಲ್ಲಿ ದಿನಕ್ಕೆ ಎಷ್ಟು ನುಂಗ್ತೀಯ ನೀನು. ಗಾಳಿ. ಬಯ್ಯಲ್ಲಮ್ಮ, ಸುಮ್ನೆ ಕೇಳ್ತಿದ್ದೀನಿ. ಒಂದು. ಉಳಿದ ಮೂರು. ನಿಮ್ಮ ಚಿಕ್ಕಪ್ಪಂಗೆ ಒಂದು, ಆ ಕೊನೇಮನೆ ಸೆರೀಮಾಗೆ ಎರಡು, ಪಾಪ ಅವಳ ಕಾಲು ನೋಡ್ಬೇಕು ನೀನು, ಕೆರೆಕೆರೆ ಅಂತ ಬಂದ್ರೆ ಏನ್ ಮಾಡ್ಲಿ. ಏನೂ ಮಾಡ್ಬೇಡ, ಸೋಮವಾರ ಇಲ್ಲಿ ಯಾರಾದ್ರೂ ನಾಲ್ಕು ಕೊಟ್ರೆ ತಗೋಬೇಡ, ನಾನೇ ಬರ್ತೀನಿ, ಅವರಿಬ್ಬರನ್ನೂ ನರ್ಸ್ ಹತ್ರ ಕಳಿಸೋಣ. ಆಯ್ತು. ಅಲ್ಲಿಗೇ ಮುಗಿಸಬಹುದಿತ್ತು, ಬುಟ್ಟಿಯಲ್ಲಿ ಏನೇನು ಕಟ್ಟಿದ್ದೀಯ ಎಂದು ಕೇಳಿ ಮುಗಿಸಬಹುದಿತ್ತು, ಬಾಯಿ ಬೇರೆಯದನ್ನೇ ಕೇಳಿತು, ಅತ್ತೆ ಎಷ್ಟು ನುಂಗ್ತಿದ್ರಮ್ಮ. ಅವಳೂ ಒಂದೇ. ನನಗೆ ಗೊತ್ತಿತ್ತಮ್ಮ, ಗೊತ್ತಿದ್ದೂ ನಾಲ್ಕಕ್ಕೆ ಗುರುತು ಹಾಕ್ದೆ. ಹೂಂ, ನಂಗೊತ್ತು. ಏನು ಗೊತ್ತು. ಅಲ್ಲಿ ನಾಲ್ಕೂ ಕೊಟ್ಟಿರ್ತಾರೆ ಅಂತ ಗೊತ್ತು ಕಣೇ, ಮಣ್ಣು ಮಾಡಿದ ದಿನವೇ ಅಂದ್ಕೊಂಡೆ, ನನ್ ಪಾಲಿಂದು ಅವಳು ಹೊತ್ಕೊಂಡು ಹೋದ್ಲು ಅಂತ, ನಿನ್ ಮುಖ ನೋಡಿದ್ರೆ ತಿಳೀತಿತ್ತು. ಹನ್ನೊಂದು ವರ್ಷ ಅಮ್ಮ, ಒಂದ್ ಮಾತು ಹೇಳ್ಬಾರ್ದಿತ್ತಾ. ಅಮ್ಮ ದೂರದಲ್ಲಿ ಮೂಗು ಸೀಟಿಕೊಂಡಳು, ದನಿ ಮಾತ್ರ ಎಂದಿನದೇ, ಮರಗೆಣಸು ಬೆಂದಿದೆ ಎಂದು ಹೇಳುವಂಥದ್ದೇ, ನೀನು ಕೇಳ್ಲಿಲ್ವಲ್ಲ ಮಗಳೇ, ಇವತ್ತು ಕೇಳ್ದೆ, ಹೇಳ್ದೆ, ಅವಳೂ ಅಷ್ಟೇ, ನೀನು ಕೇಳಿದ್ರೆ ಹೇಳ್ತಿದ್ಲು.

ಕೇಳಿದ್ರೆ ಹೇಳ್ತಿದ್ಲು — ಫೋನು ಇಟ್ಟು ಎಷ್ಟು ಹೊತ್ತಾಯಿತು, ಮತ್ತೊಂದು ಬಸ್ಸು ಹೋಯಿತು, ಕೆಳಗೆ ಯಾರೋ ಬಟ್ಟಲು ತೊಳೆಯುತ್ತಿದ್ದಾರೆ, ಅವಳು ಎದ್ದು ಕುರ್ಚಿಯಲ್ಲಿ ಕೂತಳು, ಎಯ ಹಸಿರು ತೆಗೆದಳು, ಬಿಯ ಹಸಿರು ತೆಗೆದಳು, ಸಿಗೆ ಹಸಿರು ಒತ್ತಿದಳು, ಆ ಆರು ಪರೀಕ್ಷೆಗಳಿಗೆ ಅರ್ಧ ಅಂಕ ಕಳೆಯುವುದನ್ನೂ ಮರೆಯಲಿಲ್ಲ, ತನ್ನ ನಾಲ್ಕು ಸಾಲುಗಳನ್ನು ಅಳಿಸಿ ಮೊದಲ ಸಾಲಿನಲ್ಲಿ ರೋಗಿಯನ್ನು ಕೇಳಬೇಕು ಎಂದು ಬರೆದಳು, ಎಷ್ಟು ನುಂಗುತ್ತೀರಿ ಎಂದು, ಹತ್ತಿರ ಕೂತು, ಮೆಲ್ಲಗೆ. ಪುಟ ಕೇಳಿತು, ತಿದ್ದುಪಡಿಗೆ ಆಧಾರವೇನು, ಪುಸ್ತಕ ಅಥವಾ ಲೇಖನದ ಹೆಸರು ನಮೂದಿಸಿ, ಕಳಿಸಿದ ಮೇಲೆ ಎಲ್ಲ ಪರೀಕ್ಷಕರಿಗೂ ಕಾಣುತ್ತದೆ, ಗಡಿಯಾರದಲ್ಲಿ ಮೂರು ಐವತ್ತೆರಡು, ಪಕ್ಕದ ಕೋಣೆಯಿಂದ ಸತೇಂದ್ರ ಭೈಯಾ ಗೋಡೆ ತಟ್ಟಿದರು, ಮೇಷ್ಟ್ರಮ್ಮ, ಮುಗೀತಾ, ಮುಗೀತಾ ಬಂತು ಭೈಯಾ ಎಂದಳು, ಬೆರಳುಗಳು ಬರೆದವು, ಅಕೋಸಿತಾ, ಅರವತ್ತಮೂರು ವರ್ಷ, ಕೋರೋ ದ್ವೀಪ, ನನ್ನ ಸೋದರತ್ತೆ, ಚೀಟಿಗೆ ಹಸಿರು ಗುರುತು ಹಾಕಿದವಳು ನಾನು, ಗೊತ್ತಿದ್ದೂ ಕೇಳಲಿಲ್ಲ. ಕಳಿಸು ಎಂಬುದನ್ನು ಒತ್ತಿದಳು, ಹೋಯಿತು. ಅಂದು ವಾರ್ಡಿನಲ್ಲಿ ಮಂಡಿಯ ಮೇಲಿನ ಚೀಟಿಯನ್ನೇ ನೋಡುತ್ತಿದ್ದಳು, ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು, ಅತ್ತೆಯ ಮುಖ ನೋಡಿದ ನೆನಪು ಇರಲೇ ಇಲ್ಲ, ಈಗ ಬರುತ್ತಿದೆ, ಗೀಟು ಎಳೆದು ತಲೆಯೆತ್ತಿದಾಗ ಒಂದೇ ಒಂದು ಗಳಿಗೆ ಕಂಡಿತ್ತು, ಹಾಗಾದ್ರೆ ಹಾಗೇ ಎಂದ ಮೇಲೂ ಅತ್ತೆ ದಿಂಬಿಗೆ ಒರಗಿರಲಿಲ್ಲ, ನೆಟ್ಟಗೆ ಕೂತು, ಸ್ವಲ್ಪ ಮುಂದಕ್ಕೆ ಬಾಗಿ, ಅವಳ ಮುಖವನ್ನೇ ನೋಡುತ್ತಿದ್ದರು, ತುಟಿ ಬಿಡಿಸಿ, ಇನ್ನೊಂದು ಪ್ರಶ್ನೆ ಬರುತ್ತದೆಂದು ಕಾಯುವವರ ಹಾಗೆ — ಮುಂದಿನ ಹಾಸಿಗೆ ನೋಡು ಎಂದರು ಭೈಯಾ, ಅವಳು ಎದ್ದಳು, ಕೋಟು ಕೊಡವಿಕೊಂಡಳು, ಅತ್ತೆ ಇನ್ನೂ ನೋಡುತ್ತಿದ್ದಾರೆ, ಮುಂದಕ್ಕೆ ಬಾಗಿ, ತುಟಿ ಬಿಡಿಸಿ, ನೋಡುತ್ತಿದ್ದಾರೆ.